ಗಾಡಿ ಒಳಕ್ಕೆ ಬತ್ತದಾ?

ಗಾಡಿ ಒಳಗೆ ಬರುತ್ತದೆ ಎಂದು ಟಾಕೀಸಿನ ಮೇನೇಜರು ಫೋನಿನಲ್ಲಿ ಹೇಳಿದ್ದು ಸುಳ್ಳೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಬೈಯುವುದನ್ನೆಲ್ಲ ಓದಿ ಆ ಮೇನೇಜರನ್ನು ನೀವು ಸುಳ್ಳುಗಾರ ಎಂದುಕೊಳ್ಳುತ್ತೀರಿ. ಆತ ಸುಳ್ಳುಗಾರನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ನನ್ನ ಗಾಲಿಕುರ್ಚಿಗೆ ಗಾಡಿ ಎಂದೇ ಹೆಸರು. ಆಸ್ಪತ್ರೆಯವರು ವೀಲ್‌ಚೇರ್ ಎನ್ನುತ್ತಿದ್ದರು, ಅಕ್ಕನ ಬಾಯಿಗೆ ಅದು ಒಗ್ಗಲಿಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ ಪುಟ್ಟತಾಯಮ್ಮ, ನಮ್ಮ ಯಜಮಾನರ ಅಣ್ಣನ ಹೆಂಡತಿ. ರಾವಂದೂರಿನಲ್ಲಿ ನಮ್ಮದು ಒಂದೇ ಗೋಡೆಯ ಆಚೆ ಈಚೆಯ ಎರಡು ಮನೆ. ನನ್ನ ಕಾಲು ಹೋದ ಮೇಲೆ ನನ್ನನ್ನು ಎಬ್ಬಿಸುವುದು, ಕೂರಿಸುವುದು, ಸ್ನಾನ ಮಾಡಿಸುವುದು, ನನ್ನ ಜೊತೆ ಜಗಳವಾಡುವುದು ಎಲ್ಲ ಅವಳೇ. "ಇರು, ಗಾಡಿ ತತ್ತೀನಿ" ಎಂದು ಮೊದಲ ದಿನ ಅವಳು ಅಂದದ್ದು ಮನೆಮಂದಿಗೆಲ್ಲ ರೂಢಿಯಾಗಿಬಿಟ್ಟಿತು.

ಹಾಗಾಗಿ ಹುಣಸೂರಿನ ಆ ಹಳೆಯ ಟಾಕೀಸಿಗೆ ಫೋನು ಮಾಡಿದಾಗಲೂ ನನ್ನ ಬಾಯಿಗೆ ಬಂದದ್ದು ಅದೇ ಮಾತು. ಅಲ್ಲಿ ಸಿನಿಮಾ ನಿಂತು ಬಹಳ ಕಾಲವಾಯಿತು, ಈಗ ನಾಟಕಕ್ಕೆ, ಸಭೆ ಸಮಾರಂಭಕ್ಕೆ ಕೊಡುತ್ತಾರೆ.

"ಭಾನುವಾರದ ನಾಟಕಕ್ಕೆ ಬರ್ತಿದೀವಿ. ಗಾಡಿ ಒಳಕ್ಕೆ ಬತ್ತದಾ?" ಎಂದು ಕೇಳಿದೆ.

"ಓ, ಬತ್ತದೆ ಕಣಕ್ಕ. ಇಳಿಜಾರು ಮಾಡ್ಸಿದೀವಿ. ಸೀದಾ ಒಳಕ್ಕೇ ಬತ್ತದೆ. ಮಳೆ ಬಿಸ್ಲು ಏನೂ ತಾಕಲ್ಲ" ಎಂದರು ಮೇನೇಜರು.

ಫೋನಿಟ್ಟು, "ನೋಡಕ್ಕ, ಕುರ್ಚಿ ನೆನೀಬಾರ್ದು ಅನ್ನೋದನ್ನೂ ಯೋಚ್ನೆ ಮಾಡವ್ರೆ" ಎಂದೆ. "ಒಳ್ಳೇ ಜನ ಕಣಮ್ಮಿ" ಎಂದಳು ಅಕ್ಕ. ಇಬ್ಬರೂ ಸೇರಿ ಆ ಮನುಷ್ಯನನ್ನು ಎರಡು ದಿನ ಹೊಗಳಿದೆವು.

ನಾಟಕ ನೋಡುವ ಚಪಲಕ್ಕೆ ಮಾತ್ರ ನಾನು ಹೊರಟವಳಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಟೈಲರು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಒಮ್ಮೆ ಜ್ವರ ಬಂತು, ಬಿಟ್ಟಿತು. ಆಮೇಲೆ ಬೆನ್ನುನೋವು ಶುರುವಾಯಿತು. ಇಡೀ ದಿನ ಮಷೀನಿನ ಮುಂದೆ ಬಗ್ಗಿ ಕೂರುವವಳಿಗೆ ಬೆನ್ನುನೋವು ಹೊಸದಲ್ಲವಲ್ಲ, ಮುಲಾಮು ತಿಕ್ಕಿಕೊಂಡು ಅಂಗಡಿಗೆ ಹೋದೆ. ಮಧ್ಯಾಹ್ನ ಪೆಡಲು ತುಳಿಯುತ್ತಿದ್ದಾಗ ಕಾಲು ಜೋಮು ಹಿಡಿದಂತಾಯಿತು. ಕೊಡವಿಕೊಳ್ಳೋಣ ಎಂದು ಏಳಹೋದೆ, ಏಳಲಾಗಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟರು. ಮಾರನೆಯ ದಿನ ನಮ್ಮ ಯಜಮಾನರು ತಮ್ಮ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಎದೆಯಿಂದ ಕೆಳಗೆ ಏನೂ ನನ್ನದಾಗಿ ಉಳಿದಿರಲಿಲ್ಲ.

ಬೆನ್ನುಹುರಿಯಲ್ಲಿ ಊತ ಎಂದರು ಡಾಕ್ಟರು. ನನಗಲ್ಲ, ಯಜಮಾನರಿಗೆ. ನಾನು ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಯಜಮಾನರು ಅವರನ್ನು, "ನಡೀತಾಳಾ ಸಾರ್?" ಎಂದು ಕೇಳಿದರು. "ನೋಡೋಣ" ಎಂದರು ಅವರು. ಆ "ನೋಡೋಣ"ವನ್ನು ನಾವು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಮನೆಗೆ ತಂದು, ಎಷ್ಟೋ ತಿಂಗಳು ಕಾಯುತ್ತಾ ಕುಳಿತೆವು. ರಾತ್ರಿ ಹೊತ್ತು ಹೆಬ್ಬೆರಳನ್ನು ಅಲ್ಲಾಡಿಸಲು ನೋಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಸಾಯುವ ಹೆದರಿಕೆಯಲ್ಲ, ಹೀಗೆಯೇ ಬದುಕಿಬಿಡುತ್ತೇನೇನೋ ಎಂಬ ಹೆದರಿಕೆ. ಹಾಗೆಯೇ ಬದುಕಿದ್ದೇನೆ ನೋಡಿ, ಆ ಹೆದರಿಕೆ ಈಗ ಅಷ್ಟಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ವ್ಯಾಯಾಮದ ಸರದಿಗೆ ಕಾಯುವುದೇ ಒಂದು ಉದ್ಯೋಗ. ಬಂದವರೆಲ್ಲ ಅಕ್ಕನನ್ನು ಕೇಳುವವರೇ. "ಇವ್ರಿಗೇನಾಗದೆ?" "ಇವ್ರ ಊಟ ಆಯ್ತಾ?" "ಇವ್ರಿಗೆ ಮಾತು ಬತ್ತದಾ?" ಮೊದಮೊದಲು ಅಕ್ಕ ಉತ್ತರ ಹೇಳುತ್ತಿದ್ದಳು. ಒಂದು ದಿನ ನರ್ಸೊಬ್ಬರು, "ಇವ್ರಿಗೆ ನಿದ್ದೆ ಚೆನ್ನಾಗಿ ಬತ್ತದಾ?" ಎಂದಾಗ ಅಕ್ಕ ತಾಂಬೂಲ ಉಗಿದು ಬಂದು, "ಅವಳ್ಗೇ ಬಾಯದೆ, ಕೇಳಿ" ಎಂದಳು. ಅವತ್ತಿನಿಂದ ನಮ್ಮಿಬ್ಬರ ಸಂಬಂಧ ಗಟ್ಟಿಯಾಯಿತು. ಒಳ್ಳೆಯದೂ ಇತ್ತು ಅಲ್ಲಿ. ಹೆಗ್ಗಡದೇವನಕೋಟೆ ಕಡೆಯ ಒಂದು ಅಜ್ಜಿ ತನ್ನ ಮಗನಿಗೆ ರಾಗಿ ಅಂಬಲಿ ತರುತ್ತಿತ್ತು. ನನಗೇನಾಗಿದೆ ಎಂದು ಒಂದು ದಿನವೂ ಕೇಳದೆ ಲೋಟದಲ್ಲಿ ಬಗ್ಗಿಸಿ ನನ್ನ ಕೈಗೇ ಕೊಡುತ್ತಿತ್ತು. ನನ್ನ ಕೈಗೇ. ಆ ಅಜ್ಜಿಯ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅಂಗಡಿ ಮುಚ್ಚಿದೆ. ಮಷೀನಿಗೆ ಮೋಟಾರು ಹಾಕಿಸಿಕೊಂಡರೆ ಅದರ ಪೆಡಲನ್ನೂ ಕಾಲಿನಲ್ಲೇ ಒತ್ತಬೇಕು! ಅದನ್ನು ಹಲಗೆಯ ಮೇಲಿಟ್ಟು ಮೊಣಕೈಯಿಂದ ಒತ್ತುವುದನ್ನು ಕಲಿತೆ. ಆಮೇಲೆ ಆರಿ ಕೆಲಸ ಹಿಡಿದೆ, ಕೊಕ್ಕೆ ಮೂತಿಯ ಸೂಜಿಯಲ್ಲಿ ಮದುವೆ ರವಿಕೆಗಳ ಮೇಲೆ ಬಳ್ಳಿ, ಹೂವು, ಮಣಿ ಕೂರಿಸುವುದು. ಅದಕ್ಕೆ ಕೈ ಸಾಕು.

ಹೀಗಿರುವಾಗ ಪಿರಿಯಾಪಟ್ಟಣದಿಂದ ಭಾಗ್ಯ ಬಂದಳು. ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಸಂಜೆ ಹೊತ್ತು ಹೆಂಗಸರ ನಾಟಕ ತಂಡದಲ್ಲಿ ರಾಣಿ. ಊರಿನ ಮೇಷ್ಟ್ರೊಬ್ಬರು ಬರೆದುಕೊಟ್ಟ ನಾಟಕ. ರಾಣಿಯೊಬ್ಬಳು ಮುದುಕಿಯ ವೇಷದಲ್ಲಿ ತನ್ನ ರಾಜ್ಯವನ್ನೆಲ್ಲ ಸುತ್ತಿ, ಕೊನೆಗೆ ಮೋಸಗಾರ ಮಂತ್ರಿಯ ಎದುರು ನಿಂತು ತೇಪೆ ಹಾಕಿದ ಕಂಬಳಿಯನ್ನು ಕಳಚಿ ರಾಣಿಯಾಗಿ ನಿಲ್ಲುತ್ತಾಳೆ. ಆ ಒಂದು ದೃಶ್ಯಕ್ಕೇ ಇಡೀ ನಾಟಕ.

"ಜನರ ಎದುರ್ಗೇ, ಒಂದೇ ಸಲಕ್ಕೆ ಬೀಳ್ಬೇಕು ಕಣಕ್ಕ. ಗುಂಡಿ ಬಿಚ್ಕಂಡು ನಿಂತ್ರೆ ನಗ್ತಾರೆ" ಎಂದಳು ಭಾಗ್ಯ.

ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಅಕ್ಕ ಗೊಬ್ಬರದ ಚೀಲ ಬಿಚ್ಚುತ್ತಿದ್ದಳು. ಚೀಲದ ಬಾಯಿಯ ದಾರದ ಸರಿಯಾದ ತುದಿ ಹಿಡಿದು ಎಳೆದರೆ ಹೊಲಿಗೆ ಪೂರಾ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ತಪ್ಪು ತುದಿ ಹಿಡಿದರೆ ದೇವರು ಬಂದರೂ ಬಿಚ್ಚುವುದಿಲ್ಲ. ಆರಿ ಸೂಜಿಯದ್ದೂ ಅದೇ ಸರಪಳಿ ಹೊಲಿಗೆಯಲ್ಲವೇ? ಎರಡು ಭುಜ ಮತ್ತು ಮುಂಭಾಗವನ್ನು ಒಂದೇ ದಾರದಲ್ಲಿ ಹೊಲಿದು, ಸರಿಯಾದ ತುದಿಗೆ ಒಂದು ಕೆಂಪು ಮಣಿ ಕಟ್ಟಿದೆ. ಮಣಿ ಹಿಡಿದು ಎಳೆದರೆ ಮುದುಕಿ ನೆಲಕ್ಕೆ, ರಾಣಿ ಮೇಲಕ್ಕೆ. ಮನೆಯಲ್ಲಿ ಸಣ್ಣ ತುಂಡಿನ ಮೇಲೆ ಮಾಡಿ ನೋಡಿದ್ದೆವಷ್ಟೆ. ಪೂರಾ ಕಂಬಳಿ, ಮೈಮೇಲೆ, ದೀಪದ ಬೆಳಕಿನಲ್ಲಿ, ಬೆವರಿದ ಕೈಯಲ್ಲಿ ಬಿಚ್ಚುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಕಾಲು ಹೋದ ಮೇಲೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಅದು. ಅದು ಬೀಳುವುದನ್ನು ನನ್ನ ಕಣ್ಣಿನಿಂದ ನೋಡಬೇಕಿತ್ತು. ನಾನು ಹುಣಸೂರಿಗೆ ಹೊರಟದ್ದು ಅದಕ್ಕೆ.

ಭಾನುವಾರ ಬೆಳಗ್ಗೆಯಿಂದ ನೀರು ಕುಡಿಯಲಿಲ್ಲ. ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ: ನನಗೆ ಮೂತ್ರದ ಅರಿವಾಗುವುದಿಲ್ಲ, ಕೊಳವೆಯಲ್ಲಿ ಬಂದು ಕಾಲಿಗೆ ಕಟ್ಟಿದ ಚೀಲದಲ್ಲಿ ತುಂಬುತ್ತದೆ. ಅದು ತುಂಬಿದಾಗ ಖಾಲಿ ಮಾಡಲು ಮರೆಯ ಜಾಗ ಬೇಕು. ಎಲ್ಲಿಗೆ ಹೊರಟರೂ ನನ್ನ ಮೊದಲ ಲೆಕ್ಕಾಚಾರ ಅದೇ. ಜನ ನಾಟಕಕ್ಕೆ ಯಾವ ಸೀರೆ ಉಡಬೇಕು ಎಂದು ಯೋಚಿಸುತ್ತಾರೆ, ನಾನು ಎಷ್ಟು ಬಾಯಾರಿಕೊಂಡಿರಬಹುದು ಎಂದು ಯೋಚಿಸುತ್ತೇನೆ.

ಯಜಮಾನರು ನಮ್ಮನ್ನು ಟಾಕೀಸಿನ ಮುಂದೆ ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ಬಾಡಿಗೆಯೊಂದಿದೆ ಎಂದು ಹೋದರು. ನಾನು ತಲೆ ಎತ್ತಿ ನೋಡಿದೆ. ಎತ್ತರದ ಮೆಟ್ಟಿಲುಗಳು. ಅವುಗಳ ನಡುವೆ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲದ ಸಿಮೆಂಟಿನ ಪಟ್ಟಿ. ನಮ್ಮೆದುರೇ ಒಬ್ಬ ಬೈಕನ್ನು ಅದರ ಮೇಲೆ ಬುರ್ರೆಂದು ಹತ್ತಿಸಿಕೊಂಡು ಒಳಗೆ ಹೋದ.

ನಮ್ಮ ಕಡೆ ಎಲ್ಲ ಮನೆಗಳ ಮೆಟ್ಟಿಲಿಗೂ ಈ ಪಟ್ಟಿ ಇರುತ್ತದೆ, ರಾತ್ರಿ ಬೈಕನ್ನು ಒಳಗೆ ನಿಲ್ಲಿಸಿಕೊಳ್ಳಲು. ನಮ್ಮ ಮನೆಗೂ ಇತ್ತು. ನಾನು ಆಸ್ಪತ್ರೆಯಿಂದ ಬರುವ ಮುಂಚೆ ಯಜಮಾನರು ಅದನ್ನು ಒಡೆದು ಮೆಟ್ಟಿಲನ್ನೆಲ್ಲ ಮುಚ್ಚಿ ಅಗಲವಾದ ಇಳಿಜಾರು ಮಾಡಿಸಿದ್ದರು. ಆಗ ಅವರು ಬಾಯಲ್ಲಿ ಒಂದು ಸಮಾಧಾನದ ಮಾತೂ ಆಡಿರಲಿಲ್ಲ, ಆ ಇಳಿಜಾರೇ ಅವರ ಮಾತಾಗಿತ್ತು. ದಿನಾ ಅದರ ಮೇಲೆ ಓಡಾಡುವ ನನಗೆ, ಊರಿನವರೆಲ್ಲ ಗಾಡಿ ಎಂದರೆ ಬೈಕೆಂದೇ ತಿಳಿಯುತ್ತಾರೆ ಎನ್ನುವುದು ಫೋನಿನಲ್ಲಿ ಹೊಳೆಯಲಿಲ್ಲವಲ್ಲ! ಮಳೆ ಬಿಸಿಲು ತಾಕುವುದಿಲ್ಲವಂತೆ. ಬೈಕಿನ ಸೀಟಿಗೆ.

ಮೇನೇಜರು ಹೊರಗೆ ಬಂದರು. ನನ್ನನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಆಮೇಲೆ ಅಕ್ಕನನ್ನು ಕೇಳಿದರು:

"ಫೋನ್ ಮಾಡಿದ್ದು ಇವ್ರಾ?"

"ಅವಳ್ಗೇ ಬಾಯದೆ, ಕೇಳಿ."

"ನೀವು ಗಾಡಿ ಅಂದ್ರಲ್ಲಮ್ಮ. ನಾನು ಬೈಕು ಅನ್ಕಂಡೆ" ಎಂದರು ನನಗೆ. ಪಾಪ, ಅವರ ಮುಖ ಸಣ್ಣದಾಗಿತ್ತು. ನನಗೆ ಕೂಗಾಡಬೇಕೆನಿಸಿತು, ಯಾರ ಮೇಲೆ ಕೂಗಾಡುವುದು? ತಪ್ಪು ಮಾಡಿದವರು ಎದುರಿಗೆ ಸಿಕ್ಕರೆ ಕೋಪಕ್ಕೊಂದು ದಾರಿ. ಇಲ್ಲಿ ಸಿಕ್ಕಿದ್ದು ಸಿಮೆಂಟು.

"ಎತ್ತಿಬುಡ್ತೀವಿ ಬುಡಿ" ಎಂದು ಅವರು ಅಲ್ಲಿದ್ದ ಗಂಡಸರನ್ನು ಕರೆದರು. ಕರೆದದ್ದೇ ತಡ, ಒಬ್ಬ ಚಕ್ರ ಹಿಡಿದ, ಒಬ್ಬ ಕುರ್ಚಿಯ ಕೈ ಹಿಡಿದ. ಆ ಕೈ ಕಳಚಿ ಬರುವಂಥದ್ದು, ಅದನ್ನು ಹಿಡಿದು ಎತ್ತಬಾರದು. "ಅದು ಕಿತ್ಕಂಡ್ ಬತ್ತದೆ, ಬುಡಿ!" ಎಂದು ಕಿರುಚಿದೆ.

"ಹೆದರ್ಕೋಬೇಡಿ ಕಣಮ್ಮ, ಪ್ರತಿ ವರ್ಷ ಗಣೇಶನ್ನೇ ಎತ್ತೀವಿ" ಎಂದ ಒಬ್ಬ.

"ಎತ್ಕಂಡೋಗಿ ಕೆರೇಗ್ ಹಾಕ್ತೀರಲ್ಲ, ಅಂಗೇ ಹಾಕ್ಬುಟ್ಟೀರಿ" ಎಂದಳು ಅಕ್ಕ.

ಅವರೆಲ್ಲ ನಕ್ಕರು. ನನಗೂ ನಗು ಬರುವಂತಿತ್ತು, ಆದರೆ ಆಗ ಗಾಳಿಯಲ್ಲಿ ಹಿಂದಕ್ಕೆ ವಾಲಿಕೊಂಡಿದ್ದೆ. ಬೀಳುವವಳಿಗೆ ಕಾಲೂರಿ ತಡೆದುಕೊಳ್ಳುವ ಅವಕಾಶವೇ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಎತ್ತುವವರಿಗೆ ಗೊತ್ತಿರುವುದಿಲ್ಲ. ಕಣ್ಣು ಮುಚ್ಚಿಕೊಂಡೆ. ಅಕ್ಕ ಚೀಲ ಕಟ್ಟಿದ ಕಾಲನ್ನು ಎದೆಗವಚಿಕೊಂಡು ಜೊತೆಗೇ ಮೆಟ್ಟಿಲು ಹತ್ತಿದಳು.

ಒಳಗಿನ ಅಗಲವಾದ ಹಾದಿಯ ತುಂಬ ಬೈಕುಗಳು. ಸಾಲಾಗಿ, ನೆರಳಲ್ಲಿ, ಸುಖವಾಗಿ ನಿಂತಿದ್ದವು. ಹಾಲಿನಲ್ಲಿ ನಡುದಾರಿಯಲ್ಲಿ ಕುಳಿತರೆ ಬರುವವರಿಗೆ ಅಡ್ಡ ಎಂದರು. ಮುಂದೆ ಕುಳಿತರೆ ಅತಿಥಿಗಳ ಸೋಫಾಗೆ ಅಡ್ಡ. "ಸೀಟಲ್ಲಿ ಕೂತ್ಕಳ್ಳಿ, ಗಾಡಿ ಆಚೆ ನಿಲ್ಸಾಣ" ಎಂದರು ಮೇನೇಜರು, ಈಗ ಗಾಡಿ ಎಂಬ ಮಾತನ್ನು ಸರಿಯಾಗಿ ಕಲಿತುಕೊಂಡು. ಆ ಸೀಟಿನಲ್ಲಿ ಕೂರಿಸಿದರೆ ನಾನು ಪಕ್ಕಕ್ಕೆ ವಾಲಿ ಬೀಳುತ್ತೇನೆ ಎಂದು ವಿವರಿಸಿದೆ. ಕೊನೆಗೆ ಬಾಗಿಲ ಪಕ್ಕ, ಕಂಬದ ಹಿಂದೆ ಜಾಗ ಸಿಕ್ಕಿತು. ಅರ್ಧ ವೇದಿಕೆ ಕಾಣುತ್ತಿತ್ತು. ಕಂಬಳಿ ಬೀಳುವುದು ನಡುವೇದಿಕೆಯಲ್ಲಿ, ಕುತ್ತಿಗೆ ಚಾಚಿದರೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಭಾಷಣಗಳು. ಸ್ವಾಗತ, ಹಾರ, ಶಾಲು, ಹಾರ ಹಾಕಿದವರಿಗೆ ಇನ್ನೊಂದು ಹಾರ. ನೀರು ಬಿಟ್ಟು ನಾನು ಹಾಕಿದ್ದ ಲೆಕ್ಕದಲ್ಲಿ ಭಾಷಣ ಸೇರಿರಲಿಲ್ಲ. ನಡುವೆ ಅಧ್ಯಕ್ಷತೆ ವಹಿಸಿದ್ದವರು ಮೈಕಿನಲ್ಲಿ, "ನಮ್ಮ ನಡುವೆ ಒಬ್ಬ ಅಂಗವಿಕಲ ಸೋದರಿ ಬಂದಿದ್ದಾರೆ. ಇಂಥಾ ಸ್ಥಿತಿಯಲ್ಲೂ ನಾಟಕ ನೋಡೋಕೆ ಬಂದಿದ್ದಾರೆ ಅಂದ್ರೆ ಎಂಥಾ ಕಲಾಭಿಮಾನ! ಜೋರಾಗಿ ಒಂದು ಚಪ್ಪಾಳೆ" ಎಂದರು. ಹಾಲಿಗೆ ಹಾಲೇ ಹಿಂತಿರುಗಿ ನನ್ನನ್ನು ನೋಡಿ ಚಪ್ಪಾಳೆ ಹೊಡೆಯಿತು. ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಬಟ್ಟೆ ಹೊಲಿದವಳು ಇವಳೇ ಎಂದು ಹೇಳಿದ್ದರೆ ಕೈಮುಗಿಯುತ್ತಿದ್ದೆ. ಬರೀ ಬಂದದ್ದಕ್ಕೆ ಚಪ್ಪಾಳೆಯಂತೆ.

"ಮನೇಲೇ ಇದ್ದಿದ್ರೆ ಇವೆಲ್ಲ ಇರ್ತಿರ್ಲಿಲ್ಲ" ಎಂದೆ ಅಕ್ಕನಿಗೆ.

"ಸುಮ್ಕಿರು. ಕಂಬ್ಳಿ ಬೀಳದ್ನ ನೋಡ್ಕಂಡೇ ಓಗದು" ಎಂದಳು.

ನಾಟಕ ಶುರುವಾಯಿತು. ಭಾಗ್ಯ ನಡು ಬಗ್ಗಿಸಿ, ಕೋಲೂರಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಕಂಬಳಿ ಚೆನ್ನಾಗಿ ಕೂತಿತ್ತು. ಭುಜದ ಹತ್ತಿರ ಕೆಂಪು ಮಣಿ ಬೆಳಕಿಗೆ ಮಿಣುಕಿದ್ದನ್ನು ನಾನೊಬ್ಬಳೇ ನೋಡಿರಬೇಕು. ಮುದುಕಿ ಸಂತೆಗೆ ಹೋದಳು, ಸೆರೆಮನೆಗೆ ಹೋದಳು. ಇನ್ನೇನು ಮಂತ್ರಿಯ ಆಸ್ಥಾನದ ಪರದೆ ಬರಬೇಕು, ಆಗ ನನ್ನ ತಲೆ ಸಿಡಿಯತೊಡಗಿತು. ಹಣೆಯಲ್ಲಿ ಬೆವರು. ಚೀಲ ತುಂಬಿ ನಿಂತಿದೆ ಎಂದು ನನ್ನ ಮೈ ಹೇಳುವ ರೀತಿ ಅದು. ತಡ ಮಾಡಿದರೆ ಪ್ರಾಣಕ್ಕೇ ಕುತ್ತು ಎಂದು ಆಸ್ಪತ್ರೆಯಲ್ಲಿ ಹೆದರಿಸಿ ಕಳುಹಿಸಿದ್ದರು. ಅಕ್ಕ ಕಾಲು ಮುಟ್ಟಿ ನೋಡಿ, "ಕಲ್ಲಾಗೋಗದೆ. ನಡಿ" ಎಂದಳು.

"ಒಂದೇ ಒಂದು ದೃಶ್ಯ ಕಣಕ್ಕ."

"ನಡಿ ಅಂದೆ."

ಟಾಯ್ಲೆಟ್ಟಿಗೆ ಎರಡು ಮೆಟ್ಟಿಲು, ಕುರ್ಚಿ ಹಿಡಿಯದ ಬಾಗಿಲು. ಮರೆಯ ಜಾಗ ಎಂದು ಉಳಿದದ್ದು ಬೈಕು ನಿಲ್ಲಿಸಿದ ಹಾದಿ ಮಾತ್ರ. ಅಕ್ಕ ನನ್ನನ್ನು ಎರಡು ಬೈಕುಗಳ ನಡುವಿನ ಸಂದಿಗೆ ನೂಕಿದಳು. ತನ್ನ ಸೆರಗನ್ನು ಒಂದು ಹ್ಯಾಂಡಲಿಗೆ ಸಿಕ್ಕಿಸಿ ಪರದೆ ಮಾಡಿ, ಕೆಳಗೆ ಕುಳಿತು ಬಾಟಲಿ ಹಿಡಿದು ಚೀಲದ ನಲ್ಲಿ ತಿರುಗಿಸಿದಳು. ನನ್ನ ಗಾಡಿ ಕೊನೆಗೂ ಗಾಡಿಗಳ ಜೊತೆ ಸಾಲಿನಲ್ಲಿ ನಿಂತಿತ್ತು.

ಆಗ ಒಳಗೆ ಸದ್ದು ನಿಂತಿತು. ಹಾರ್ಮೋನಿಯಂ ಕೂಡ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಇಡೀ ಹಾಲು ಒಟ್ಟಿಗೆ "ಓ!" ಎಂದಿತು, ಅದರ ಹಿಂದೆ ಶಿಳ್ಳೆ, ಚಪ್ಪಾಳೆ, ಕಾಲು ಕುಟ್ಟುವ ಸದ್ದು. ಗೋಡೆಯ ಈ ಕಡೆ ಬಾಟಲಿಯೊಳಗೆ ನೀರು ಬೀಳುವ ಸದ್ದು.

"ಬಿಚ್ಕತು ಕಣಮ್ಮಿ" ಎಂದಳು ಅಕ್ಕ, ತಲೆ ಎತ್ತದೆ.

ನಾನು ಅತ್ತೆ. ಆಸ್ಪತ್ರೆಯಲ್ಲಿ ಕೂಡ ಅಷ್ಟು ಅತ್ತಿರಲಿಲ್ಲ. ಕಾಲು ಹೋದದ್ದಕ್ಕೆ ಯಾರನ್ನೂ ದೂರುವಂತಿರಲಿಲ್ಲ, ಬಂತು, ಹೋಯಿತು. ಇದು ಹಾಗಲ್ಲ. ಇದು ಯಾರೋ ಮೇಸ್ತ್ರಿ ಇನ್ನೆರಡು ಬಾಣಲಿ ಸಿಮೆಂಟು ಹಾಕಿದ್ದರೆ, ಟಾಯ್ಲೆಟ್ಟಿನ ಬಾಗಿಲನ್ನು ಒಂದು ಮೊಳ ಅಗಲ ಇಟ್ಟಿದ್ದರೆ, ಆಗುತ್ತಲೇ ಇರಲಿಲ್ಲ. ನನ್ನ ಕಾಯಿಲೆ ಅವತ್ತು ನನಗೆ ಏನೂ ಮಾಡಲಿಲ್ಲ, ಮಾಡಿದ್ದು ಆ ಕಟ್ಟಡ.

ನಾಟಕ ಮುಗಿದ ಮೇಲೆ ಭಾಗ್ಯ ರಾಣಿಯ ಉಡುಪಿನಲ್ಲೇ ಓಡಿ ಬಂದಳು. ಕೈಯಲ್ಲಿ ಕಂಬಳಿಯ ಮುದ್ದೆ, ಕಣ್ಣಲ್ಲಿ ನೀರು.

"ಒಂದೇ ಸಲಕ್ಕೆ ಬಿತ್ತು ಕಣಕ್ಕ! ನೋಡಿದ್ರಾ? ನೋಡಿದ್ರಾ?"

"ಇಲ್ಲ" ಎಂದೆ. ನೋಡಿದೆ ಎಂದು ಹೇಳಬಹುದಿತ್ತು, ಅವಳ ಖುಷಿ ಉಳಿಯುತ್ತಿತ್ತು. ಆದರೆ ಅವತ್ತು ಬೆಳಗ್ಗೆಯಿಂದ ಎಲ್ಲರ ಮರ್ಯಾದೆ ಉಳಿಸಿ ನನಗೆ ಸಾಕಾಗಿತ್ತು.

ಅಕ್ಕ ನಡೆದದ್ದನ್ನು ಹೇಳಿದಳು. ಭಾಗ್ಯ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, "ಇಲ್ಲೇ ಇನ್ನೊಂದ್ಸಲ ಮಾಡಿ ತೋರಿಸ್ಲಾ ಅಕ್ಕ?" ಎಂದಳು. ಬಿಚ್ಚಿದ ಸರಪಳಿಯನ್ನು ಮತ್ತೆ ಬಿಚ್ಚಲಾಗುವುದಿಲ್ಲವಲ್ಲ, ಹೊಸದಾಗಿ ಹೊಲಿಯಬೇಕು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರು. ಭಾಗ್ಯ ಭುಜಕ್ಕೆ ಕೈ ಒಯ್ಯುತ್ತಾಳೆ, ಅಷ್ಟರಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು ನಿಲ್ಲುತ್ತಾನೆ. ಮಿಕ್ಕದ್ದೆಲ್ಲ ಅವನ ಬೆನ್ನು.

"ಮುಂದಿನ ನಾಟಕ ಕೆ.ಆರ್. ನಗರದಲ್ಲಿ ಅಕ್ಕ. ಕಂಬ್ಳಿ ಹೊಲ್ದು ಕೊಡ್ತೀರಲ್ಲ?" ಎಂದು ಭಾಗ್ಯ ಅಂಜುತ್ತಾ ಕೇಳಿದಳು.

ಅವಳ ಕೈಯಿಂದ ಕಂಬಳಿಯನ್ನು ತೆಗೆದುಕೊಂಡು ತೊಡೆಯ ಮೇಲೆ ಹರಡಿದೆ. "ಹೊಲೀತೀನಿ. ಆದ್ರೆ ಮನೇಲಿ ಕೊಡಲ್ಲ. ಕೊನೇ ಹೊಲಿಗೆ ಅಲ್ಲೇ ಬಂದು, ಹಾಲಿನ ಒಳಗೆ ಕೂತು ಹಾಕ್ತೀನಿ. ಯಾರೂ ಎತ್ತೋ ಹಾಗಿಲ್ಲ. ನನ್ನ ಗಾಡಿ ಒಳಕ್ಕೆ ಬಂದ್ರೆ ಕಂಬ್ಳಿ ಒಳಕ್ಕೆ ಬತ್ತದೆ. ಇಲ್ದಿದ್ರೆ ನಿಮ್ಮ ರಾಣಿ ಗುಂಡಿ ಬಿಚ್ಕಂಡು ನಿಲ್ಲಲಿ" ಎಂದೆ.

ಅಕ್ಕ ಬಾಯಿಗೆ ಹೊಸ ತಾಂಬೂಲ ಹಾಕಿಕೊಂಡಳು, ಅವಳಿಗೆ ಖುಷಿಯಾದಾಗ ಹಾಗೆ.

ಕಳೆದ ವಾರ ಕೆ.ಆರ್. ನಗರದ ಹಾಲಿಗೆ ಅಕ್ಕನೇ ಫೋನು ಮಾಡಿದಳು, ಸ್ಪೀಕರ್ ಹಾಕಿಕೊಂಡು.

"ನಾಟಕದವ್ರು ಮಾತಾಡದು. ಗಾಡಿ ಒಳಕ್ಕೆ ಬತ್ತದಾ?"

"ಬತ್ತದೆ ಕಣಮ್ಮ, ಇಳಿಜಾರು ಅದೆ."

"ಯಾವ್ ಗಾಡಿಗೆ?"

"ಬೈಕು, ಸ್ಕೂಟ್ರು, ಎಲ್ಲಕ್ಕೂವೆ."

"ನಮ್ದು ನಾಕು ಚಕ್ರದ್ದು."

"ಅಯ್ಯೋ, ಕಾರೆಲ್ಲ ಒಳಕ್ಕೆ ಬರಾಕಿಲ್ಲ ಕಣಮ್ಮ. ರೋಡಲ್ಲೇ ನಿಲ್ಸಿ."

ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಕ್ಕು ನಕ್ಕು ಅಕ್ಕನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳ ದನಿ ಬದಲಾಯಿತು. "ಅಪ್ಪಾ, ಆ ಗಾಡಿ ಮ್ಯಾಲೆ ಒಬ್ಳು ಕೂತವ್ಳೆ. ಅವಳ್ನ ರೋಡಲ್ಲಿ ನಿಲ್ಸಾಕಾಯ್ತದಾ?"

"ಕೇಳಿ ಹೇಳ್ತೀನಿ ಕಣಮ್ಮ" ಎಂದು ಆ ಕಡೆಯವರು ಫೋನಿಟ್ಟರು. ಯಾರನ್ನು ಕೇಳುತ್ತಾರೋ, ಇನ್ನೂ ಹೇಳಿಲ್ಲ.

ಭಾಗ್ಯ ದಿನಾ ಫೋನು ಮಾಡುತ್ತಾಳೆ. ನಿನ್ನೆಯೂ ಮಾಡಿದ್ದಳು.

"ಕಂಬ್ಳಿ ಆಯ್ತಾ ಅಕ್ಕ?"

ಕಂಬಳಿ ನನ್ನ ತೊಡೆಯ ಮೇಲೇ ಇತ್ತು. ತೇಪೆ ಸರಿಮಾಡಿದ್ದೆ, ಹೊಸ ದಾರ ಕತ್ತರಿಸಿ ಇಟ್ಟಿದ್ದೆ, ಕೆಂಪು ಮಣಿಯನ್ನು ಕಳೆದುಹೋಗದಂತೆ ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ.

"ಎಲ್ಲ ಆಗದೆ. ಒಂದು ಹೊಲಿಗೆ ಬಾಕಿ" ಎಂದೆ.